ಅದೇ ಹೆಸರಿನ ಇನ್ನೊಬ್ಬ ನರ್ಸ್

ಸೂಜಿಯಕ್ಕ ಎಂದರೆ ಆ ನಾಲ್ಕು ಬೀದಿಗಳಲ್ಲಿ ಗೊತ್ತಿಲ್ಲದವರಿರಲಿಲ್ಲ. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಹಾಸಿಗೆ ಹಿಡಿದವರನ್ನು ಮಗ್ಗುಲು ಹೊರಳಿಸಿ ಬೆನ್ನು ಒರೆಸಿ ಪೌಡರ್ ಹಾಕುವುದು ಅವಳ ಕೆಲಸ. ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು, ಸೊಂಟ ಹಿಡಿದುಕೊಂಡ ಮೇಲೆ ಸಾಕಪ್ಪಾ ಈ ಸಹವಾಸ ಎಂದು ಬಿಟ್ಟು ಬಂದಿದ್ದಳು. ಸ್ಕೂಟರಿನ ಸೀಟಿನ ಕೆಳಗೆ ಔಷಧದ ಡಬ್ಬಿ, ಹ್ಯಾಂಡಲ್ಲಿಗೆ ತೂಗುಹಾಕಿದ ಬಿಳಿ ಕೋಟು, ಬಾಯಿ ತುಂಬ ಮಾತು. ಆ ಮಾತೇ ಅವಳ ಅರ್ಧ ಮದ್ದು. ರೋಗಿಯ ತೋಳಿಗೆ ಹತ್ತಿ ಒರೆಸುತ್ತ ಶುರು ಮಾಡಿದ ಕತೆ ಮುಗಿಯುವುದರೊಳಗೆ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. "ಆಯ್ತಾ?" ಎಂದು ಕೇಳಿದವರಿಗೆ "ಕತೆ ಇನ್ನೂ ಇದೆ, ಸೂಜಿ ಮುಗೀತು" ಎನ್ನುತ್ತಿದ್ದಳು.

ಸೂಜಿಗೆ ಹೆದರಿ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದ ಯಾವುದೋ ಮಗು ಇಟ್ಟ ಅಡ್ಡಹೆಸರು ಊರಿಗೆಲ್ಲ ಅಂಟಿಕೊಂಡಿತ್ತು. ಅಜ್ಜಿ ಇಟ್ಟ ನಿಜವಾದ ಹೆಸರು ಸರ್ಟಿಫಿಕೇಟಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಗಂಡ "ಏನೇ" ಎನ್ನುತ್ತಿದ್ದ, ಅತ್ತೆ "ನಮ್ಮ ಹುಡುಗಿ" ಎನ್ನುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ಆ ಹೆಸರನ್ನು ಧೂಳು ಕೊಡವಿ ಹೊರಗೆ ತೆಗೆದಳು.

"ಅಮ್ಮಾ, ಈಗ ಯಾರೂ ಬೀದೀಲಿ ನಿಂತು ಕೇಳ್ಕೊಂಡು ಬರಲ್ಲ. ಫೋನಲ್ಲಿ ಹುಡುಕ್ತಾರೆ. ಅಲ್ಲಿ ನೀನಿಲ್ಲ ಅಂದ್ರೆ ನೀನು ಇಲ್ವೇ ಇಲ್ಲ."

ಹೀಗೆ ಒಂದು ಪೇಜ್ ತಯಾರಾಯಿತು. ಹೆಸರು, ಕೆಲಸ, ನಂಬರು, ಮನೆಯ ವಿಳಾಸ. ಫೋಟೊ ತೆಗೆದವನು ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಕತ್ತಲ ಬಾವಿಯಂಥ ಜಾಗದಲ್ಲಿ ಒಬ್ಬನೇ ಇದ್ದು ಬರುವುದರಿಂದಲೋ ಏನೋ, ಮನೆಗೆ ಬಂದರೆ ತಮಾಷೆಯೇ ತಮಾಷೆ. "ಹಲ್ಲು ತೋರಿಸ್ಬೇಡ, ಪೇಷಂಟ್ ಓಡಿ ಹೋಗ್ತಾರೆ" ಎಂದ. ಅವಳು ಬಿದ್ದು ಬಿದ್ದು ನಕ್ಕ ಹೊತ್ತಿಗೆ ಸರಿಯಾಗಿ ಬಟನ್ ಒತ್ತಿದ್ದ. ಬಾಲ್ಕನಿಯಲ್ಲಿ ಬಿಳಿ ಕೋಟು ತೊಟ್ಟು ಬಾಯ್ತುಂಬ ನಗುತ್ತಿರುವ ಆ ಫೋಟೊ ಎಲ್ಲರಿಗೂ ಇಷ್ಟವಾಯಿತು. ಹೊಸ ಮನೆಗಳು ಸಿಕ್ಕವು. ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೊಂದು ದಿನ, ಸೋಮವಾರದಿಂದ ಬನ್ನಿ ಎಂದಿದ್ದ ಮನೆಯವರು ಫೋನ್ ಮಾಡಿ, "ಬೇಡ, ಬೇರೆಯವರು ಸಿಕ್ಕಿದ್ರು" ಎಂದರು. ಮಾರನೆಯ ದಿನ ಇನ್ನೊಬ್ಬರು, ಕಾರಣವನ್ನೂ ಹೇಳಲಿಲ್ಲ. ಔಷಧದ ಅಂಗಡಿಯವನು ಯಾವಾಗಲೂ "ಏನಕ್ಕಾ, ಇವತ್ತು ಎಷ್ಟು ಜನಕ್ಕೆ ಚುಚ್ಚಿದ್ರಿ?" ಎನ್ನುತ್ತಿದ್ದವನು, ಅಂದು ಸಿರಿಂಜಿನ ಪೊಟ್ಟಣವನ್ನು ಮುಖ ನೋಡದೆ ಕೌಂಟರಿನ ಮೇಲೆ ತಳ್ಳಿದ. ಪಕ್ಕದಲ್ಲಿದ್ದ ಹೆಂಗಸು ತನ್ನ ಫೋನನ್ನೂ ಇವಳನ್ನೂ ಒಂದು ಸಲ ನೋಡಿ ಎರಡು ಹೆಜ್ಜೆ ಸರಿದು ನಿಂತಳು. ಇದೇನಪ್ಪಾ, ನನ್ನ ಮೈಮೇಲೆ ಏನಾದರೂ ಹರಿದಾಡುತ್ತಿದೆಯೇ ಎಂದು ಸೂಜಿಯಕ್ಕ ತನ್ನ ಭುಜವನ್ನೇ ಕೊಡವಿಕೊಂಡಳು.

ಅಂದು ಮಧ್ಯಾಹ್ನ ಒಂದು ಕರೆ ಬಂತು. ಗಂಡಸಿನ ದನಿ. ಹಿಂದೆ ಯಾವುದೋ ದೊಡ್ಡ ಇಂಜಿನ್ನಿನ ಗುರುಗುಟ್ಟುವಿಕೆ. ಅವನು ಅವಳ ಪೂರ್ತಿ ಹೆಸರು ಹೇಳಿ, "ನೀವೇನಾ?" ಎಂದ.

"ಹೌದು, ನಾನೇ. ಯಾರಿಗೆ ಹುಷಾರಿಲ್ಲ?"

"ನರ್ಸಲ್ವಾ?"

"ಹೌದಪ್ಪಾ, ಹೇಳಿ."

ಅವನು ಮೆಲ್ಲಗೆ, "ಇನ್ನೂ ಸೂಜಿ ಹಿಡೀತಿದ್ದೀಯಾ ನೀನು?" ಎಂದು ಕೇಳಿ ಫೋನ್ ಇಟ್ಟ. ಬೈದಿದ್ದರೆ ಅವಳೂ ನಾಲ್ಕು ಮಾತು ತಿರುಗಿಸಿ ಬೈಯುತ್ತಿದ್ದಳು. ಆ ಮೆಲುದನಿಯ ಕರೆಯ ಬಗ್ಗೆ ಅವಳು ಮಗಳಿಗೆ ಹೇಳಿದಳು.

ಸಂಜೆ ಮಗಳು ಅವಳ ಹೆಸರು ಹಾಕಿ ಹುಡುಕಿದಳು. ಪರದೆಯನ್ನು ಎದೆಗೆ ಒತ್ತಿಕೊಂಡು, "ಅಮ್ಮಾ, ನೀನು ಮೊದ್ಲು ಕೂತ್ಕೋ" ಎಂದಳು.

ದೂರದ ಇನ್ನೊಂದು ಊರಿನಲ್ಲಿ ಒಬ್ಬಳು ಹೋಮ್ ನರ್ಸ್. ಹೆಸರು ಇವಳದ್ದೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ನೋಡಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸಿಗೆ ಇನ್ಸುಲಿನ್ ಮಿತಿಮೀರಿ ಕೊಟ್ಟಿದ್ದರಿಂದ ಆ ತಾಯಿ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದರು. ನರ್ಸ್ ಅಂದಿನಿಂದ ಪತ್ತೆಯಿಲ್ಲ. ಸುದ್ದಿ ಅಷ್ಟೇ. ಆದರೆ ಸುದ್ದಿಯ ಮೇಲೆ ಬಾಲ್ಕನಿಯ ಫೋಟೊ ಇತ್ತು. 'ಪ್ರಾಣ ತೆಗೆದ ನರ್ಸ್' ಎಂಬ ದಪ್ಪಕ್ಷರದ ಕೆಳಗೆ ಸೂಜಿಯಕ್ಕ ಬಿಳಿ ಕೋಟು ತೊಟ್ಟು ಬಾಯ್ತುಂಬ ನಗುತ್ತಿದ್ದಳು. ಆ ನಗುವೇ ಜನರನ್ನು ಕೆರಳಿಸಿತ್ತು. 'ನೋಡಿ ಹೇಗೆ ಹಲ್ಲು ಕಿರೀತಾಳೆ.' 'ಇವಳ ಕೈ ಕಡೀಬೇಕು.' 'ಮನೆ ಎಲ್ಲಿದೆ ಅಂತ ಯಾರಿಗಾದ್ರೂ ಗೊತ್ತಾ?' ಅದರ ಕೆಳಗೆ ಯಾರೋ ಪುಣ್ಯಾತ್ಮರು ಮನೆಯ ವಿಳಾಸ ಹಾಕಿದ್ದರು.

ಗಂಡ ಓದಿ, "ಹೆಸರೊಂದಾದ್ರೆ ಆಗೋಯ್ತಾ? ನನ್ನ ಹೆಸರಿನವರು ಬೀದಿಗೆ ಇಬ್ಬಿಬ್ರು ಸಿಗ್ತಾರೆ. ನಾಳೆ ಅವರಲ್ಲೊಬ್ಬ ಬ್ಯಾಂಕ್ ದೋಚಿದ್ರೆ ನಾನು ಪಾಲು ಕೇಳೋಕಾಗತ್ತಾ?" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನೇ ಎದ್ದು ಹೋಗಿ, ಎಂದೂ ಹಾಕದ ಮೇಲಿನ ಚಿಲಕವನ್ನು ಎಳೆದು ಬಂದ.

ಪೊಲೀಸ್ ಠಾಣೆಗೆ ಹೋದರು. ಮೇಜಿನ ಹಿಂದೆ ಕೂತಿದ್ದ, ದೂರು ಬರೆದುಕೊಳ್ಳುವ ರೈಟರ್ ಒಳ್ಳೆಯವನೇ. ಕುರ್ಚಿ ಕೊಟ್ಟ, ನೀರು ಕೊಟ್ಟ.

"ನಿಮ್ಮ ಹೆಸರಲ್ಲಿ ಯಾರಾದ್ರೂ ನಕಲಿ ಅಕೌಂಟ್ ಮಾಡಿದ್ದಾರಾ?"

"ಇಲ್ಲ ಸಾರ್. ಹೆಸರು ಆ ನರ್ಸಿನದ್ದೂ ಅಸಲಿ, ನಂದೂ ಅಸಲಿ."

"ಮತ್ತೆ ಯಾರ ಮೇಲಮ್ಮಾ ಕಂಪ್ಲೇಂಟು?" ಎಂದು ಅವನು ಪೆನ್ನು ಕೆಳಗಿಟ್ಟ. "ಫೋಟೊ ಹಾಕಿದವನು ಯಾರು ಅಂತ ನೋಡ್ಬೇಕು, ಅದಕ್ಕೆ ಟೈಮ್ ಹಿಡಿಯತ್ತೆ. ಅಲ್ಲೀತನಕ ಸ್ವಲ್ಪ ಹುಷಾರಾಗಿರಿ."

ಹುಷಾರಾಗಿರುವುದು ಹೇಗೆ ಎಂದು ಅವನೂ ಹೇಳಲಿಲ್ಲ, ಅವಳಿಗೂ ತಿಳಿಯಲಿಲ್ಲ. ಸ್ಕೂಟರ್ ಹಿಂದೆ ಯಾವುದೇ ಬೈಕು ಎರಡು ತಿರುವು ದಾಟಿ ಬಂದರೂ ಬದಿಗೆ ನಿಲ್ಲಿಸಿ ಅದನ್ನು ಮುಂದೆ ಬಿಡುತ್ತಿದ್ದಳು. ಬಿಳಿ ಕೋಟನ್ನು ಮಡಚಿ ಸೀಟಿನ ಕೆಳಗೆ ತುರುಕಿದಳು. ಮಗಳು ಪೇಜಿನಿಂದ ವಿಳಾಸ ತೆಗೆದಳು. ಆದರೆ ಅದನ್ನು ಆಗಲೇ ಎಷ್ಟು ಜನ ಬರೆದುಕೊಂಡಿದ್ದರೋ. ಸುದ್ದಿಯ ತಾಣಕ್ಕೆ ಬರೆದಳು; ಉತ್ತರವಿಲ್ಲ. ಫೋಟೊ ಒಂದು ಕಡೆ ಮಾಯವಾದರೆ ಮೂರು ಕಡೆ ಹುಟ್ಟುತ್ತಿತ್ತು.

"ಪೇಜನ್ನೇ ಕಿತ್ತು ಬಿಸಾಕು" ಎಂದಳು ಸೂಜಿಯಕ್ಕ.

"ಕಿತ್ರೆ ಓಡಿ ಹೋದ್ಲು ಅಂತಾರಮ್ಮಾ. ಆಮೇಲೆ ನಿನ್ನ ಹೆಸರಿಗೆ ಆ ಸುದ್ದಿ ಒಂದೇ ಉಳಿಯತ್ತೆ."

ಹಳೆಯ ಮನೆಗಳಲ್ಲಿ ಬಿಡದೆ ಕರೆಯುತ್ತಿದ್ದವರು ನಿವೃತ್ತ ಮೇಷ್ಟ್ರು. ಬೆಳಗಿನ ತಿಂಡಿಗೆ ಮೊದಲು ಅವರಿಗೆ ಇನ್ಸುಲಿನ್ ಕೊಡಬೇಕು. ಕಣ್ಣು ಮಂಜು, ಕೈ ನಡುಕ, ತಾವೇ ಚುಚ್ಚಿಕೊಳ್ಳಲಾರರು. ಅಂದು ಹೋದಾಗ ಮೇಷ್ಟ್ರು ಎಂದಿನಂತೆ ಅಂಗಿ ಎತ್ತಿ ಹೊಟ್ಟೆ ತೋರಿಸಿ ಕೂತಿದ್ದರು. ಆದರೆ ಅವರ ಸೊಸೆ ಬಾಗಿಲಿಗೆ ಒರಗಿ ಫೋನನ್ನು ನೇರಕ್ಕೆ ಹಿಡಿದಿದ್ದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ಇವರು ವೀಡಿಯೊ ಮಾಡ್ಕೋ ಅಂದಿದ್ದಾರೆ" ಎಂದಳು. ಇವರು ಎಂದರೆ ಗಂಡ, ಮೇಷ್ಟ್ರ ಮಗ.

"ಮಾಡ್ಕೊಳ್ಳಮ್ಮಾ, ಅದಕ್ಕೇನು" ಎಂದಳು ಸೂಜಿಯಕ್ಕ. ಬಾಟಲಿಯನ್ನು ತಲೆಕೆಳಗೆ ಮಾಡಿ ಸೂಜಿ ಚುಚ್ಚಿ ಮದ್ದು ಎಳೆದಳು. ತಲೆಯಲ್ಲಿ ಓಡುತ್ತಿದ್ದುದು ಆ ಇನ್ನೊಬ್ಬಳು. ಅವಳೂ ಹೀಗೇ ನಿಂತಿದ್ದಳೇ? ಕಿಟಕಿಯ ಬೆಳಕು ಹೀಗೇ ಬೀಳುತ್ತಿತ್ತೇ? ಯಾರಾದರೂ ಫೋನ್ ಮಾಡಿ ಹೆದರಿಸಿದ್ದರೇ?

"ಏನಮ್ಮಾ, ಇವತ್ತು ಕತೆ ಇಲ್ವಾ?" ಎಂದರು ಮೇಷ್ಟ್ರು.

ಸೂಜಿಯನ್ನು ಚರ್ಮಕ್ಕೆ ತಾಗಿಸುವ ಹೊತ್ತು. ವರ್ಷಗಳ ರೂಢಿಯಂತೆ ಕಣ್ಣು ಒಮ್ಮೆ ಸಿರಿಂಜಿನ ಅಳತೆಯ ಗೆರೆಯ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತುಬಿಟ್ಟಿತು. ಮದ್ದು ಬೇಕಾದ ಗೆರೆಯನ್ನು ದಾಟಿ ಎಷ್ಟೋ ಮೇಲೆ ಹೋಗಿತ್ತು, ಹೆಚ್ಚುಕಡಿಮೆ ಎರಡರಷ್ಟು. ಅವಳ ಕೈಯೇ ಅದನ್ನು ಎಳೆದಿತ್ತು. ಅವಳು ಸಿರಿಂಜನ್ನು ಟ್ರೇಯೊಳಗೆ ಇಟ್ಟು, ಕೇಳದೆಯೇ ಮೇಷ್ಟ್ರ ಹಾಸಿಗೆಯ ಅಂಚಿನ ಮೇಲೆ ಕೂತಳು.

ಸೊಸೆ ಫೋನ್ ಇಳಿಸಲಿಲ್ಲ. "ಏನಾಯ್ತಕ್ಕಾ?"

ಸಿರಿಂಜಿನಲ್ಲಿ ಗಾಳಿಗುಳ್ಳೆ ಬಂದಿದೆ ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಅದು ಬಂದೂ ಇತ್ತು.

"ಜಾಸ್ತಿ ಎಳೆದುಬಿಟ್ಟಿದ್ದೆ" ಎಂದಳು. "ಕೊಡ್ಲಿಲ್ಲ. ಆದ್ರೆ ಎಳೆದಿದ್ದೆ."

ಮೇಷ್ಟ್ರು ಎತ್ತಿದ ಅಂಗಿಯನ್ನು ಹಾಗೇ ಹಿಡಿದು ಕೂತಿದ್ದರು, ಪಾಪ, ಇಳಿಸಬೇಕೋ ಬೇಡವೋ ಗೊತ್ತಾಗದೆ.

"ಹೊಸ ಸಿರಿಂಜ್ ತಗೋತೀನಿ. ನೀನು ಹತ್ರ ಬಂದು ಗೆರೆ ಗಟ್ಟಿಯಾಗಿ ಓದಮ್ಮಾ. ನೀನು ಓದಿದ ಮೇಲೇ ಕೊಡ್ತೀನಿ."

ಸೊಸೆ ಬಂದಳು. ಓದಿದಳು. ಇಂಜೆಕ್ಷನ್ ಆಯಿತು, ಮೇಷ್ಟ್ರ ಮುಂದೆ ತಿಂಡಿ ಬಂತು. ಸೂಜಿಯಕ್ಕ ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕಿ, ಹೊರಡದೆ ಹಾಗೇ ಕೂತಳು. ಆ ವೀಡಿಯೊ ಆ ಹುಡುಗಿಯ ಫೋನಿನಲ್ಲಿತ್ತು. ಇಷ್ಟು ದಿನ ಲೋಕವೆಲ್ಲ ಹೇಳುತ್ತಿದ್ದುದು ಸುಳ್ಳಾಗಿತ್ತು. ಈಗ ಅದಕ್ಕೊಂದು ಸಾಕ್ಷಿಯನ್ನು ತನ್ನ ಕೈಯಾರೆ ಒದಗಿಸಿ ಬಂದಿದ್ದಳು.

ಎರಡು ದಿನ ಅವಳು ಯಾರ ಮನೆಗೂ ಹೋಗಲಿಲ್ಲ. ಸೊಂಟನೋವು ಎಂದಳು. ಮೇಷ್ಟ್ರಿಗೆ ಅಷ್ಟು ದಿನದ ಮಟ್ಟಿಗೆ ಹತ್ತಿರದ ಕ್ಲಿನಿಕ್ಕಿನವರನ್ನು ಗೊತ್ತುಮಾಡಿದಳು. ಆ ಎರಡನೆಯ ದಿನ ಮಧ್ಯಾಹ್ನ, ಗಂಡನೂ ಮಗಳೂ ಹೊರಗೆ ಹೋಗಿದ್ದಾಗ, ಬೀದಿಯ ತಿರುವಿನಲ್ಲಿ ದೊಡ್ಡ ಇಂಜಿನ್ನಿನ ಗುರುಗುಟ್ಟುವಿಕೆ ಕೇಳಿಸಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಕೈ ನಿಂತುಹೋಯಿತು. ಕಿಟಕಿಯಿಂದ ಇಣುಕಿದರೆ, ಕಾರು ತಿರುಗುವುದೇ ಕಷ್ಟವಾದ ಆ ಇಕ್ಕಟ್ಟು ಬೀದಿಯ ಬಾಯಲ್ಲಿ ಲಾರಿಯೊಂದು ಮೂತಿ ತೂರಿಸಿ ನಿಂತಿತ್ತು. ಕೆಳಗಿಳಿದವನು ಮನೆಯ ನಂಬರುಗಳನ್ನು ಓದುತ್ತ ಬರುತ್ತಿದ್ದ. ಗಡ್ಡ ಬೆಳೆದಿತ್ತು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ ಜೇಬಿನೊಳಗೆ.

ಗೇಟು ಬಡಿದ ಸದ್ದಾಯಿತು. ತೆಗೆಯಬೇಡಿ ಎಂದು ಕೂಗಬೇಕೆಂದುಕೊಂಡಳು. ಕೂಗಿದ್ದರೂ ಅತ್ತೆಗೆ ಕಿವಿ ಅಷ್ಟಕ್ಕಷ್ಟೇ. ಆಗಲೇ ಅವರು ಕಿಟಕಿಯಲ್ಲಿ ಅವನನ್ನು ಕಂಡು ಎದ್ದು ಹೋಗಿ ಬಾಗಿಲು ತೆಗೆದಿದ್ದರು.

"ಬಾಪ್ಪಾ ಬಾ. ಸೂಜಿ ಹಾಕಿಸ್ಕೊಳ್ಳೋಕೆ ಬಂದ್ಯಾ? ಯಾಕೆ ಹಾಗೆ ನಿಂತಿದ್ದೀಯ, ಹೆದರ್ಬೇಡ. ನಮ್ಮ ಹುಡುಗಿ ಕೈಲಿ ಚುಚ್ಚಿದ್ದೇ ಗೊತ್ತಾಗಲ್ಲ. ಸುಮ್ಮನೆ ನಿದ್ದೆ ಬಂದಂಗಿರತ್ತೆ."

ಹಿಂಬಾಗಿಲು ಪಕ್ಕದಲ್ಲೇ ಇತ್ತು, ಚಿಲಕವೂ ತೆಗೆದಿತ್ತು. ಹೊರಗೆ ಕಾಲಿಟ್ಟರೆ ಪಕ್ಕದ ಮನೆಯ ಅಂಗಳ. ಆದರೆ ಮುಂದಿನ ಕೋಣೆಯಲ್ಲಿ ಅತ್ತೆ ಅವನಿಗೆ ಕುರ್ಚಿ ಎಳೆದು ಹಾಕುತ್ತಿದ್ದರು. ಅವರನ್ನು ಬಿಟ್ಟು ಎಲ್ಲಿಗೆ ಓಡುವುದು? ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಹೊರಗೆ ಬಂದಳು. ಬಂದದ್ದು ಧೈರ್ಯದಿಂದಲ್ಲ, ಕಾಲುಗಳು ತಾವಾಗಿ ನಡೆದವು.

ಅವನು ಕೂತಿರಲಿಲ್ಲ. ಅವಳ ಮುಖ ನೋಡಿದ, ಫೋನ್ ನೋಡಿದ, ಮತ್ತೆ ಮುಖ ನೋಡಿದ.

"ನನ್ನ ಅಮ್ಮ ನಿನಗೇನು ಮಾಡಿದ್ರು?" ಎಂದ. ಅದೇ ಮೆಲುದನಿ.

"ಅಪ್ಪಾ, ನಾನು ನಿಮ್ಮ ಅಮ್ಮನ್ನ ನೋಡೇ ಇಲ್ಲ. ನಾನು ಅವಳಲ್ಲ."

"ಹೆಸರು?"

"ಹೆಸರು ಅದೇ."

"ಕೆಲಸ?"

"ಕೆಲಸಾನೂ ಅದೇ. ಆದ್ರೆ ನಾನು ಅವಳಲ್ಲ."

ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಸುಳ್ಳಿನಂತೆ ಕೇಳಿಸಿತು. ಜೇಬಿನೊಳಗಿನ ಅವನ ಕೈ ಮುಷ್ಟಿ ಕಟ್ಟಿ ಬಿಚ್ಚುತ್ತಿತ್ತು. ಆ ಕೈಯಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ನೀವು ಅವಳನ್ನ ಕಣ್ಣಾರೆ ನೋಡಿದ್ದೀರಾ?" ಎಂದು ಹೇಗೋ ಕೇಳಿದಳು.

ಅವನು ನೋಡಿರಲಿಲ್ಲ. ಲಾರಿ ಹತ್ತಿದರೆ ವಾರಗಟ್ಟಲೆ ರಸ್ತೆಯ ಮೇಲೇ ಇರುವವನು. ಅಮ್ಮನ ಬಾಯಲ್ಲಿ ಹೆಸರು ಕೇಳಿದ್ದ, ಅಷ್ಟೇ. ಅಮ್ಮ ಹೋದ ಮೇಲೆ ಆ ಹೆಸರು ಹಾಕಿ ಹುಡುಕಿದಾಗ ಈ ನಗುವ ಮುಖ ಸಿಕ್ಕಿತ್ತು. ಮೊದಲು ಅದನ್ನು ಸುದ್ದಿಗೆ ಅಂಟಿಸಿ ಹಂಚಿದವನೂ ಅವನೇ.

"ನೋಡಿದವರು ಯಾರೂ ಇಲ್ವಾ? ಅಕ್ಕಪಕ್ಕದವರು?"

"ಎದುರುಮನೆ ಅಜ್ಜಿ ಇದ್ದಾರೆ."

"ಅವರಿಗೆ ಈ ಫೋಟೊ ತೋರಿಸಿದ್ರಾ?"

"ನಾನು ಮನೆಗೆ ಹೋಗಿಲ್ಲ" ಎಂದ ಅವನು. "ಮಣ್ಣು ಮಾಡಿದ ಮೇಲೆ ಆ ಮನೆ ಕಡೆ ಹೋಗಿಲ್ಲ. ಲಾರೀಲೇ ಮಲಗ್ತೀನಿ."

"ಈಗ ತೋರಿಸಿ. ವೀಡಿಯೊ ಕರೆ ಮಾಡಿ. ನಾನು ಇಲ್ಲೇ ನಿಂತಿರ್ತೀನಿ, ಎಲ್ಲೂ ಹೋಗಲ್ಲ."

ಅಜ್ಜಿಯ ಮಗಳ ನಂಬರ್ ಅವನ ಬಳಿ ಇತ್ತು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಅವನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಅತ್ತೆ ಇಬ್ಬರ ಮುಖವನ್ನೂ ನೋಡಿ ಏನೋ ಸರಿಯಿಲ್ಲವೆಂದು ಕಂಡುಕೊಂಡು, ಮೆಲ್ಲಗೆ ಬಂದು ಸೊಸೆಯ ಕೈ ಹಿಡಿದುಕೊಂಡರು. ಮೂರನೆಯ ಸಲಕ್ಕೆ ಪರದೆಯಲ್ಲಿ ಒಂದು ಸುಕ್ಕುಗಟ್ಟಿದ ಮುಖ ಮೂಡಿ, ಅರ್ಧ ಬಾಯಿ ತೆರೆದಂತೆಯೇ ಗಕ್ಕನೆ ನಿಂತುಹೋಯಿತು. ಸಿಗ್ನಲ್ ಇಲ್ಲ. ಸೂಜಿಯಕ್ಕ ಆ ನಿಂತ ಬಾಯಿಯನ್ನೇ ನೋಡುತ್ತಿದ್ದಳು. ಅಜ್ಜಿಗೆ ಕಣ್ಣು ಕಾಣದಿದ್ದರೆ? ಬಿಳಿ ಕೋಟು ಕಂಡು ಹೂಂ ಎಂದುಬಿಟ್ಟರೆ?

"...ಯಾರೋ ಇವಳು?" ಎಂದು ಬಾಯಿ ಮುಚ್ಚಿ ತೆರೆಯಿತು.

"ಅಮ್ಮನ್ನ ನೋಡ್ಕೋತಿದ್ದ ನರ್ಸ್ ಇವಳೇನಾ ಅಜ್ಜಿ? ಸರಿಯಾಗಿ ನೋಡಿ ಹೇಳಿ."

ಅಜ್ಜಿ ಹತ್ತಿರ ಬಂದರು, ದೂರ ಹೋದರು, ಕನ್ನಡಕ ಹುಡುಕಿ ಹಾಕಿಕೊಂಡರು. "ಅಯ್ಯೋ, ಇವಳಲ್ಲ ಕಣೋ! ಅವಳು ಕಡ್ಡಿ ಥರ ಇದ್ಲು, ಇನ್ನೂ ಚಿಕ್ಕ ಹುಡುಗಿ. ಇವಳು ಗುಂಡುಗುಂಡಗೆ ಇದ್ದಾಳಲ್ಲೋ. ಎಲ್ಲಿದ್ದೀಯ ನೀನು? ಊಟ ಮಾಡ್ತಿದ್ದೀಯ ತಾನೆ?"

ಅವನು ಫೋನ್ ಕೆಳಗೆ ಇಳಿಸಿದ. ಜೇಬಿನಿಂದ ಕೈ ಹೊರಗೆ ಬಂತು. ಅದರಲ್ಲಿದ್ದದ್ದು ಲಾರಿಯ ಕೀಲಿಗೊಂಚಲು. ಅತ್ತೆ ಹಾಕಿದ ಕುರ್ಚಿಯಲ್ಲಿ ಕುಸಿದು ಕೂತು, ದೊಡ್ಡ ಗಂಡಸು, ಚಿಕ್ಕ ಮಗುವಿನಂತೆ ಬಿಕ್ಕಳಿಸಿದ. ಸೂಜಿಯಕ್ಕ ಗೋಡೆ ಹಿಡಿದು ನಿಂತೇ ಇದ್ದಳು. ಅವನ ಮೇಲೆ ಕರುಣೆ ಬರಬೇಕಿತ್ತು. ಆದರೆ ಅವಳ ಕಣ್ಣು ಇನ್ನೂ ಆ ಕೀಲಿಗೊಂಚಲಿನ ಮೇಲೇ ಇತ್ತು.

ಕಣ್ಣೊರೆಸಿಕೊಂಡು ಅವನು ತಲೆಯೆತ್ತಿದ. "ಅಕ್ಕಾ, ಒಂದು ಕೇಳ್ಲಾ? ಆ ಮದ್ದು ಜಾಸ್ತಿ ಆದ್ರೆ... ನೋವಾಗತ್ತಾ?"

"ಮೊದ್ಲು ಬೆವರು ಬರತ್ತೆ, ಮೈ ನಡುಗತ್ತೆ. ಆಮೇಲೆ ಮಂಪರು. ಮಂಪರು ಹತ್ತಿದ ಮೇಲೆ ಏನೂ ಗೊತ್ತಾಗಲ್ಲ."

"ಅದಕ್ಕೆ ಮೊದ್ಲು?"

"ಸುಳ್ಳು ಹೇಳಲ್ಲ. ಸ್ವಲ್ಪ ಹೊತ್ತು ಹೆದರಿಕೆ ಆಗಿರತ್ತೆ."

ಅವನು ತಲೆಯಾಡಿಸಿದ. ಅಲ್ಲೇ ಕೂತು, ಒಂದೊಂದೇ ಅಕ್ಷರ ಒತ್ತಿ, ಫೋಟೊ ಹಾಕಿದ್ದು ತನ್ನ ತಪ್ಪು, ಈ ಹೆಂಗಸಿಗೂ ತನ್ನ ತಾಯಿಯ ಸಾವಿಗೂ ಸಂಬಂಧವಿಲ್ಲ ಎಂದು ಬರೆದು, ಅವಳಿಗೆ ತೋರಿಸಿ, ಆ ಫೋಟೊದ ಕೆಳಗೇ ಹಾಕಿದ. ಅತ್ತೆ ಕೊಟ್ಟ ನೀರು ಕುಡಿದು ಹೊರಟುಹೋದ. ಲಾರಿ ಹಿಮ್ಮುಖವಾಗಿ ಬೀದಿಯಿಂದ ಹೊರಬೀಳಲು ಬಹಳ ಹೊತ್ತು ಹಿಡಿಯಿತು.

ಫೋಟೊ ಹಂಚಿ ಬೆಂಕಿ ಹಚ್ಚಿದವರಲ್ಲಿ ಕಾಲುಭಾಗ ಜನವೂ ಆ ತಿದ್ದುಪಡಿಯನ್ನು ಓದಲಿಲ್ಲ. ಆದರೂ ಮಗಳ ಕೈಗೆ ಒಂದು ಆಧಾರ ಸಿಕ್ಕಿತು. ಅದನ್ನು ಮುಂದಿಟ್ಟುಕೊಂಡು ಅವಳು ಸುದ್ದಿಯ ತಾಣಗಳ ಬೆನ್ನು ಬಿದ್ದಳು. ಕೆಲವರು ಫೋಟೊ ತೆಗೆದರು, ಒಬ್ಬರು ಕ್ಷಮೆಯನ್ನೂ ಕೇಳಿದರು, ಉಳಿದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪೇಜಿನಲ್ಲಿ ಹೆಸರಿನ ಮುಂದೆ ಸೂಜಿಯಕ್ಕನ ತಾಯಿಯ ಹೆಸರು ಸೇರಿತು, ಅದರ ಮುಂದೆ 'ಸೂಜಿಯಕ್ಕ' ಎಂದೂ ಸೇರಿತು, ನರ್ಸಿಂಗ್ ನೋಂದಣಿ ಸಂಖ್ಯೆ ಬಂತು. ಗಂಡ ಹೊಸ ಫೋಟೊ ತೆಗೆದ. ಈ ಸಲ ಅವನು ಎಷ್ಟೇ ತಮಾಷೆ ಮಾಡಿದರೂ ಅವಳು ನಗಲಿಲ್ಲ.

ಲಾರಿ ಬಂದು ಹೋದ ಸಂಜೆಯೇ ಮೇಷ್ಟ್ರ ಮನೆಯಿಂದ ಕರೆ ಬಂದಾಗ, ಲೆಕ್ಕ ಮುಗಿಯಿತು ಎಂದುಕೊಂಡೇ ಫೋನ್ ಎತ್ತಿದಳು. ಸೊಸೆಯ ದನಿ: "ಅಕ್ಕ, ನಾಳೆಯಿಂದ ನೀವೇ ಬನ್ನಿ. ಕ್ಲಿನಿಕ್ ಹುಡುಗ ಗೆರೆ ನೋಡೋದೇ ಇಲ್ಲ, ಎಳೆದ, ಚುಚ್ಚಿದ, ಹೋದ. ನಂಗೇ ಭಯ ಆಗತ್ತೆ."

"ಆ ವೀಡಿಯೊ?" ಎಂದು ಸೂಜಿಯಕ್ಕ ಕೇಳಿಯೇಬಿಟ್ಟಳು.

"ಇವರಿಗೆ ತೋರಿಸ್ದೆ. ಎರಡು ಸಲ ನೋಡಿದ್ರು. ನೀವೇ ಬೇಕು ಅಂದ್ರು."

ಅಳಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಸೂಜಿಯಕ್ಕನೂ ಕೇಳಲಿಲ್ಲ.

ಕೆಲಸ ಮತ್ತೆ ಶುರುವಾಗಿದೆ, ಮೊದಲಿನಷ್ಟಿಲ್ಲ. ಮನೆಯವರಲ್ಲಿ ಒಬ್ಬರು ಗೆರೆ ಓದದೆ ಅವಳು ಮದ್ದು ಕೊಡುವುದಿಲ್ಲ. ಕತೆಗಳು ಈಗ ಇಂಜೆಕ್ಷನ್ ಮುಗಿದ ಮೇಲೆ. ಮೊನ್ನೆ ಹೊಸ ಮನೆಯೊಂದಕ್ಕೆ ಹೋಗಿದ್ದಳು. ಬಾಗಿಲು ತೆಗೆದ ಹೆಂಗಸಿಗೆ ತಾಯಿಯ ಹೆಸರನ್ನೂ ಸೇರಿಸಿ ತನ್ನ ಹೆಸರು ಹೇಳಿ, "ಮೊದ್ಲು ಫೋನಲ್ಲಿ ಹುಡುಕಿ ನೋಡಿಬಿಡಿ. ಕೆಟ್ಟದ್ದು ಒಂದು ಸಿಗತ್ತೆ. ಅದ್ರ ಕೆಳಗೆ ನಿಜ ಏನು ಅಂತಾನೂ ಇರತ್ತೆ. ಎರಡೂ ಓದಿ. ಕೇಳೋದಿದ್ರೆ ಕೇಳಿ, ನಾನು ಇಲ್ಲೇ ಕೂತಿರ್ತೀನಿ" ಎಂದಳು.

ಆ ಹೆಂಗಸು ವಿಚಿತ್ರವಾಗಿ ನೋಡಿ ಫೋನ್ ತೆಗೆದಳು. ಸೂಜಿಯಕ್ಕ ಔಷಧದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಆ ಹೆಬ್ಬೆರಳು ಪರದೆಯ ಮೇಲೆ ಜಾರುವುದನ್ನು, ಒಂದು ಕಡೆ ನಿಲ್ಲುವುದನ್ನು, ಹುಬ್ಬು ಗಂಟಿಕ್ಕುವುದನ್ನು ನೋಡಿದಳು. ಹೆಬ್ಬೆರಳು ಮತ್ತೆ ಜಾರಿತು, ಮತ್ತೆ ನಿಂತಿತು. ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು.

"ಒಳಗೆ ಬನ್ನಿ" ಎಂದಳು ಆ ಹೆಂಗಸು ಕೊನೆಗೆ. "ಅಪ್ಪ ಕಾಯ್ತಿದ್ದಾರೆ."